ನಕ್ಷತ್ರ ನೋಡಿಕೊಂಡು ನಂಬಿ

"70 ಪರ್ಸೆಂಟ್ ಡಿಸ್ಕೌಂಟ್ ಅಂತೆ ಕಣ್ರೋ!" ಪೇಪರಿನ ಮುಖಪುಟ ಎತ್ತಿ ಹಿಡಿದು ವೆಂಕಿ ಕೂಗಿದ.

"ಪಕ್ಕದಲ್ಲೊಂದು ನಕ್ಷತ್ರ ಇದೆ, ನೋಡು" ಅಂದ ಸುಬ್ಬ.

"ಎಲ್ಲಿ?"

"ಆ ಸೊನ್ನೆಯ ತಲೆ ಮೇಲೆ."

"ಅಯ್ಯೋ, ಇಂಕು ಸಿಡಿದಿದೆ ಅಂದುಕೊಂಡೆ."

"ನೀನು ಹಾಗಂದುಕೊಳ್ಳಲಿ ಅಂತಲೇ ಅಷ್ಟು ಚಿಕ್ಕದಾಗಿ ಹಾಕಿರೋದು."

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ಸಾಲದೆ ನಾಣಿಯ ಕನ್ನಡಕವನ್ನೂ ಇಸ್ಕೊಂಡು ಅದರ ಮೇಲೆ ಹಿಡಿದರು. ಪುಟದ ಬುಡದಲ್ಲಿ ಇರುವೆ ಸಾಲಿನ ಹಾಗಿದ್ದ ಅಕ್ಷರ ಓದತೊಡಗಿದರು. "ಆಯ್ದ ವಸ್ತುಗಳ ಮೇಲೆ... ಆಯ್ದ ಮಳಿಗೆಗಳಲ್ಲಿ... ಸ್ಟಾಕ್ ಇರುವವರೆಗೆ... ಮುಂದಿನದು ಇಂಗ್ಲಿಷಿನಲ್ಲಿದೆ. ಅದೂ ಕಾಣ್ತಿಲ್ಲ."

"ಈ ಆಯ್ದವರು ಯಾರು?" ನಾಣಿಗೆ ಅನುಮಾನ.

"ಅವರೇ. ನಿನ್ನನ್ನೂ ಅವರೇ ಆಯ್ದುಕೊಂಡಿರೋದು" ಅಂದ ಸುಬ್ಬ.

"ಹಾಗಾದ್ರೆ ಸರ್ಕಾರ ಏನು ಮಾಡ್ತಾ ಇದೆ?"

ಈ ಪ್ರಶ್ನೆಗೇ ಕಾಯುತ್ತಿದ್ದ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. "2019ರಲ್ಲಿ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಅದರ ಕೆಳಗೆ ದಿಲ್ಲಿಯಲ್ಲೊಂದು ಪ್ರಾಧಿಕಾರ ಬಂತು. 2022ರಲ್ಲಿ ಅವರು ಜಾಹೀರಾತಿಗೆ ಅಂತಲೇ ಮಾರ್ಗಸೂಚಿ ತಂದರು. ದೊಡ್ಡ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅದೇ ಥರದ ಅಕ್ಷರದಲ್ಲಿರಬೇಕು. ಬಾಯಲ್ಲಿ ಹೇಳಿದ ಮಾತಾದರೆ ಷರತ್ತೂ ಅದೇ ವೇಗದಲ್ಲಿ ಬರಬೇಕು."

"ಅದೇ ವೇಗವಾ? ಮ್ಯೂಚುವಲ್ ಫಂಡ್ ಜಾಹೀರಾತಿನ ಕೊನೆಯ ಸಾಲನ್ನ ಹಾಗೆ ನಿಧಾನವಾಗಿ ಓದಿದ್ರೆ, ಮುಗಿಯೋ ಹೊತ್ತಿಗೆ ಮಾರುಕಟ್ಟೆ ಎರಡು ಸಲ ಬಿದ್ದು ಎದ್ದಿರುತ್ತೆ."

"ಸುಳ್ಳು ಹೇಳಿದ್ರೆ 10 ಲಕ್ಷದವರೆಗೆ ದಂಡ ಕಣಯ್ಯಾ. ಮತ್ತೆ ಮತ್ತೆ ಹೇಳಿದ್ರೆ 50 ಲಕ್ಷದವರೆಗೆ. ಹೊಗಳೋಕೆ ನಿಂತ ಸ್ಟಾರ್‌ಗೂ ಬಿಡಲ್ಲ. ಒಂದು ವರ್ಷ ಯಾವ ಜಾಹೀರಾತಿನಲ್ಲೂ ಕಾಣಿಸಬಾರದು ಅಂತ ತಡೆ ಹಾಕಬಹುದು. ಆಮೇಲೂ ತಪ್ಪು ಮಾಡಿದ್ರೆ ಮೂರು ವರ್ಷ."

"ಒಂದು ವರ್ಷ ಜಾಹೀರಾತೇ ಇಲ್ಲ ಅಂದ್ರೆ ಆ ನಟರ ಗತಿ ಏನು?" ವೆಂಕಿ ನಿಜವಾಗಿಯೂ ನೊಂದುಕೊಂಡ.

"ಪಾಪ, ಸಿನಿಮಾ ಮಾಡಬೇಕಾಗುತ್ತೆ" ಅಂದ ಸುಬ್ಬ. "ಅದು ಬಿಡು. ಹೋದ ತಿಂಗಳೇ ನನ್ನ ದುಡ್ಡು ಗ್ಯಾರಂಟಿ ವಾಪಸ್ ಅಂದಿದ್ದೆಯಲ್ಲ, ಎಲ್ಲಿ?"

"ಅದಕ್ಕೆ ನಕ್ಷತ್ರ ಇತ್ತು."

"ಯಾವಾಗ?"

"ಹೇಳುವಾಗ ಸಣ್ಣಗೆ ಕೆಮ್ಮಿದ್ದೆ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಸುಬ್ಬ ಮಾತ್ರ ನಗಲಿಲ್ಲ. ಸಾಲ ಕೊಟ್ಟಿದ್ದವನು ಅವನೇ ತಾನೇ.

"ಟೀವಿಯಲ್ಲಿ ಹೆಂಡದ ಜಾಹೀರಾತು ಇಲ್ಲ, ನೋಡಿ. ಅಷ್ಟಾದರೂ ಸರಿಯಾಗಿದೆ" ಅಂದ ನಾಣಿ.

"ಸೋಡಾದ್ದು ಇದೆಯಲ್ಲ! ಒಂದು ಬಾಟಲಿ ಸೋಡಾಕ್ಕೆ ಹೆಲಿಕಾಪ್ಟರು, ಹಡಗು, ಬೆಳಗಿನ ಜಾವದವರೆಗೆ ಕುಣಿಯೋ ಹುಡುಗ ಹುಡುಗಿಯರು. ಸೋಡಾ ಕುಡಿದು ಯಾರಪ್ಪಾ ಹಾಗೆ ಕುಣಿಯೋರು? ಗ್ಯಾಸ್ ಹೊರಗೆ ಬರದಿದ್ರೆ ಕುಣೀಬಹುದು."

"ಹಾಗೆ ಸೋಡಾದ ಮರೆಯಲ್ಲಿ ಹೆಂಡದ ಜಾಹೀರಾತು ಕೊಡೋದಕ್ಕೂ 2022ರಲ್ಲೇ ನಿಷೇಧ ಹಾಕಿದ್ದಾರೆ" ಅಂದರು ಮೇಷ್ಟ್ರು. ಅವರಿಗೆ ಇನ್ನೂ ಹಿಂದಕ್ಕೆ ಹೋಗುವ ಆಸೆ. "1954ರಲ್ಲೇ ಒಂದು ಕಾಯಿದೆ ಇದೆ. ಔಷಧಿ ಕೊಟ್ಟು ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ, ಎತ್ತರ ಬೆಳೆಸ್ತೀವಿ ಅಂತೆಲ್ಲ ಜಾಹೀರಾತು ಕೊಡೋ ಹಾಗಿಲ್ಲ. ಲಂಡನ್ನಿನ ಕಥೆ ಗೊತ್ತಾ? ನಮ್ಮ ಔಷಧಿ ಹೊಗೆ ಉಂಡೆ ಮೂಸಿದ ಮೇಲೂ ಫ್ಲೂ ಬಂದ್ರೆ 100 ಪೌಂಡ್ ಕೊಡ್ತೀವಿ ಅಂತ ಒಂದು ಕಂಪನಿ ಪೇಪರಿನಲ್ಲಿ ಹಾಕಿಸಿತ್ತು. ಒಬ್ಬ ಹೆಂಗಸು ಹೇಳಿದಂತೆಯೇ ಮೂಸಿದಳು, ಫ್ಲೂ ಬಂತು, ದುಡ್ಡು ಕೇಳಿದಳು. ಅಯ್ಯೋ, ಸುಮ್ನೆ ಜಾಹೀರಾತಿಗೆ ಹೇಳಿದ್ದು ಅಂದರು. 1892ರಲ್ಲಿ ಕೋರ್ಟು, ಹೇಳಿದ ಮೇಲೆ ಕೊಡಿ ಅಂತು."

"ಮಾರನೇ ದಿನವೇ ಯಾರೋ ಈ ನಕ್ಷತ್ರ ಕಂಡುಹಿಡಿದಿರಬೇಕು" ಅಂದ ಸುಬ್ಬ. ಪೇಪರ್ ಮಡಚಿ ಪಕ್ಕಕ್ಕಿಟ್ಟ. "ನಮ್ಮ ಅಕ್ಕನ ಕಾಲದಲ್ಲಿ ಅದೂ ಇರಲಿಲ್ಲ ಮೇಷ್ಟ್ರೇ. ಗಂಡಿನ ಕಡೆಯವರು ನೋಡೋಕೆ ಬರ್ತಾರೆ ಅಂದ್ರೆ ಸಾಕು, ವಾರಕ್ಕೆ ಮುಂಚಿನಿಂದ ಬೆಳ್ಳಗಾಗೋ ಕ್ರೀಮು ಹಚ್ಚಿಕೊಂಡು ಕನ್ನಡಿ ಮುಂದೆ ಕೂರ್ತಿದ್ದಳು. ಬಂದವರು ತಿಂಡಿ ತಿಂದು ಹೋಗ್ತಿದ್ದರು. ಟ್ಯೂಬು ಖಾಲಿಯಾದರೆ ಅಪ್ಪ ಮಾತಾಡದೆ ಇನ್ನೊಂದು ತಂದಿಡೋರು."

ಯಾರೂ ಏನೂ ಹೇಳಲಿಲ್ಲ. ಕೊನೆಗೆ ಮೇಷ್ಟ್ರೇ, "ಅದಕ್ಕೂ ನಿಯಮ ಬಂತಲ್ಲಯ್ಯಾ. ಜಾಹೀರಾತಿನವರೇ ಕಟ್ಟಿಕೊಂಡ ಮಂಡಳಿ ಇದೆ. ಕಪ್ಪಗಿರೋರನ್ನ ಕೀಳಾಗಿ ತೋರಿಸಬಾರದು ಅಂತ 2014ರಲ್ಲಿ ಹೇಳಿತು" ಅಂದರು.

"ಬಂತು. ಅಷ್ಟರಲ್ಲಿ ಅಕ್ಕನ ಮಗಳನ್ನೇ ನೋಡೋಕೆ ಬರ್ತಿದ್ದರು."

"ಈಗೇನಾದ್ರೂ ಮೋಸ ಆದ್ರೆ 1915ಕ್ಕೆ ಫೋನ್ ಮಾಡೋಕೆ ಹೇಳು. ಗ್ರಾಹಕರ ಸಹಾಯವಾಣಿ" ಅಂದ ನಾಣಿ, ಮೆಲ್ಲಗೆ. "ಅಕ್ಕ ಈಗಲೂ ಕ್ರೀಮು ಹಚ್ಚಿಕೊಳ್ತಾರಾ?"

"ಇಲ್ಲಪ್ಪ, ಈಗ ಮಂಡಿಗೆ ಎಣ್ಣೆ. ಏಳೇ ದಿನದಲ್ಲಿ ನೋವು ಮಾಯ ಅಂತೆ."

"ನಕ್ಷತ್ರ ಇದೆಯಾ?" ವೆಂಕಿ ಕೇಳಿದ.

"ಇದೆ. ಅಕ್ಕನಿಗೆ ಈಗ ಸಣ್ಣ ಅಕ್ಷರ ಕಾಣಲ್ಲ."