ರಜಾಕಾರರ ಕಾಲ ಕಂಡ ಅಜ್ಜಿಯ ಬದುಕನ್ನು ದಾಖಲಿಸುವುದು ಹೇಗೆ?

ಪ್ರಶ್ನೆ (ಮಾನ್ವಿಕಡೆಯವ):
ಅಜ್ಜಿಗೆ 86. ರಾಯಚೂರು ಜಿಲ್ಲೆಯವರು, ಹೈದರಾಬಾದ್ ನಿಜಾಮರ ಪರವಾಗಿದ್ದ ಖಾಸಗಿ ಪಡೆ ರಜಾಕಾರರ ಕಾಲ ಕಂಡವರು. ನೆನಪು ಗಟ್ಟಿ, ಆದರೆ ಇಸವಿ ಕೇಳಿದರೆ "ಯಾವಾಗೋ ಆತು" ಅಂತಾರೆ. ಅವರ ಬದುಕನ್ನು ರೆಕಾರ್ಡ್ ಮಾಡಿ ಮನೆಮಂದಿಗಾಗಿ ಒಂದು ಚಿಕ್ಕ ಪುಸ್ತಕ ಮಾಡಬೇಕೆಂದಿದೆ. ಫೋನಿನ ರೆಕಾರ್ಡಿಂಗ್ ಸಾಕಾ? ಇಸವಿ ಪತ್ತೆ ಹಚ್ಚುವುದು ಹೇಗೆ? ಅವರ ಮಾತನ್ನು ಹಾಗೇ ಇಡಬೇಕಾ, ಶಿಷ್ಟ ಕನ್ನಡಕ್ಕೆ ತಿದ್ದಬೇಕಾ?

ಧ್ವನಿಪೆಟ್ಟಿಗೆ:
ಫೋನ್ ಸಾಕು. ರೆಕಾರ್ಡರ್ ಆ್ಯಪಿನಲ್ಲಿ ವೇವ್ ಫಾರ್ಮ್ಯಾಟ್, 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಆರಿಸಿ. ಗಂಟೆಗೆ ಸುಮಾರು 520 ಎಂಬಿ ಆಗುತ್ತೆ, ಜಾಗ ಮೊದಲೇ ನೋಡಿಕೊಳ್ಳಿ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ. ನಡುವೆ ಕರೆ ಬಂದರೆ ಎಷ್ಟೋ ಆ್ಯಪುಗಳು ರೆಕಾರ್ಡಿಂಗನ್ನೇ ನಿಲ್ಲಿಸಿಬಿಡುತ್ತವೆ.

ಧ್ವನಿ ಕೆಡಿಸುವುದು ಹೆಚ್ಚಾಗಿ ಫ್ಯಾನು. ಬೇಸಿಗೆಯಾದರೆ ಬೆಳಗಿನ ಹೊತ್ತು ಕೂತು ಫ್ಯಾನ್ ಬಂದ್ ಮಾಡಿ. ಸೆರಗಿಗೆ ಸಿಕ್ಕಿಸಿದ ಮೈಕು ಬಟ್ಟೆ ಉಜ್ಜುವ ಸದ್ದನ್ನೂ ಬಳೆ ಸದ್ದನ್ನೂ ಹಿಡಿಯುತ್ತೆ. ಅದಕ್ಕಿಂತ ಮಡಿಸಿದ ಟವೆಲ್ಲಿನ ಮೇಲೆ ಫೋನಿಟ್ಟು, ಬಾಯಿಂದ ಒಂದು ಗೇಣು ದೂರದಲ್ಲಿರಿಸುವುದು ಮೇಲು. ಬರೀ ಸ್ಟೂಲಿನ ಮೇಲಿಟ್ಟರೆ ಕಾಲು ತಾಗಿದ್ದೆಲ್ಲ ಗುಡುಗಾಗಿ ಕೇಳುತ್ತೆ.

ಪ್ರತಿ ಫೈಲಿನ ಆರಂಭದಲ್ಲಿ ದಿನಾಂಕ, ಊರು, ಯಾರು ಯಾರು ಕೂತಿದ್ದಾರೆ ಅನ್ನುವುದನ್ನು ನೀವೇ ಹೇಳಿ. ರೆಕಾರ್ಡ್ ಮಾಡಲು ಅಜ್ಜಿಯ ಒಪ್ಪಿಗೆಯೂ ಅದರಲ್ಲೇ ಇರಲಿ. 40–45 ನಿಮಿಷ ಮೀರಬೇಡಿ. ಅವರು ಮಾತು ನಿಲ್ಲಿಸಿದಾಗ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡಿ, ಐದಾರು ಸೆಕೆಂಡು ಸುಮ್ಮನಿದ್ದರೆ ಎಷ್ಟೋ ಸಲ ನಿಜವಾದ ಮಾತು ಆಗಲೇ ಬರುತ್ತೆ. "ಹೂಂ ಹೂಂ" ಬದಲು ತಲೆಯಾಡಿಸಿ.

ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಮೂರು ಪ್ರತಿ ಬೇಕು: ಕಂಪ್ಯೂಟರ್, ಹೊರಗಿನ ಡ್ರೈವ್, ಬೇರೆ ಊರಿನ ಬಂಧುಗಳ ಮನೆ ಅಥವಾ ಕ್ಲೌಡ್.

ಫಸಲಿ:
ಇಸವಿ ಕೇಳಲೇಬೇಡಿ. "ಅದು ಪೊಲೀಸ್ ಆಕ್ಷನ್ ಆಗೋ ಮೊದಲಾ, ಆಮೇಲಾ? ಆಗ ನಿಮಗೆ ಮದುವೆ ಆಗಿತ್ತಾ? ಮೊದಲ ಕೂಸು ನಡೀತಿತ್ತಾ?" ಅಂತ ಕೇಳಿ. ನಿಮ್ಮ ಭಾಗಕ್ಕೆ ಒಳ್ಳೆಯ ಗುರುತುಗಲ್ಲುಗಳಿವೆ: 1948ರ ಸೆಪ್ಟೆಂಬರ್ 13ರಿಂದ 17ರ ಪೊಲೀಸ್ ಆಕ್ಷನ್ (ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡದ್ದು), 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದು, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದದ್ದು, 1972ರ ಬರ. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ರಾಯಚೂರಿನ ಮೇಲೇ ಹಾದುಹೋಯಿತು. ಹಾಡಹಗಲೇ ಕತ್ತಲಾದದ್ದನ್ನು ನೋಡಿದವರು ಮರೆಯುವುದಿಲ್ಲ.

ಬೆಲೆ ಹೇಳಿದರೆ ಹಾಲಿ ಸಿಕ್ಕಾನೋ (ನಿಜಾಮರ ನಾಣ್ಯ) ಕಲ್ದಾರೋ (ಬ್ರಿಟಿಷ್ ಇಂಡಿಯಾದ ರೂಪಾಯಿ) ಕೇಳಿ. ನಿಜಾಮರ ಹಾಲಿ 7 ರೂಪಾಯಿ ಸುಮಾರು 6 ಕಲ್ದಾರಿಗೆ ಸಮ. ಆಣೆ ಲೆಕ್ಕ ಹೇಳಿದರೆ ಅದು ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾ ಪೈಸೆ ಬಂದದ್ದು ಆಗ. ಆದರೆ ಹಳೇ ರೂಢಿಯವರು ಆಮೇಲೂ "ನಾಕಾಣೆ" ಅಂತಲೇ ಅನ್ನುತ್ತಿದ್ದರು, ಹಾಗಾಗಿ ಇದೊಂದನ್ನೇ ನಂಬಬೇಡಿ. ಸಂವತ್ಸರ ನೆನಪಿದ್ದರೆ ಸಲೀಸು: ಸರ್ವಧಾರಿ 1948ರ ಯುಗಾದಿಗೆ ಶುರು. ಅದೇ ಹೆಸರು 60 ವರ್ಷಕ್ಕೊಮ್ಮೆ ಬರುತ್ತೆ. ಜನವರಿಯಿಂದ ಯುಗಾದಿವರೆಗಿನ ದಿನಗಳು ಹಿಂದಿನ ಸಂವತ್ಸರಕ್ಕೆ ಸೇರುತ್ತವೆ. ಹಳೇ ಕಾಗದದಲ್ಲಿ ಫಸಲಿ ವರ್ಷವಿದ್ದರೆ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ) 590 ಕೂಡಿಸಿ. ಹೈದರಾಬಾದ್ ಸಂಸ್ಥಾನದ ಫಸಲಿ ಅಕ್ಟೋಬರ್‌ನಲ್ಲಿ ಆರಂಭ, ಆದ್ದರಿಂದ ಫಸಲಿ 1357 ಅಂದರೆ 1947–48.

ಶಾಲೆಯ ದಾಖಲೆಯ ಹುಟ್ಟಿದ ದಿನಾಂಕವನ್ನು ಕಣ್ಣುಮುಚ್ಚಿ ತಗೋಬೇಡಿ. ಸೇರಿಸಿಕೊಳ್ಳಲು ಅನುಕೂಲವಾಗುವಂತೆ ಮೇಷ್ಟ್ರೇ ಬರೆದದ್ದು ಬಹಳ. ಪುಸ್ತಕದಲ್ಲಿ ಖಚಿತವಾದದ್ದನ್ನು "1948", ಅಂದಾಜಿನದನ್ನು "ಸುಮಾರು 1954" ಎಂದು ಬೇರೆಬೇರೆಯಾಗಿಯೇ ತೋರಿಸಿ.

ಕರಡು ತಿದ್ದುವವ:
ಅಜ್ಜಿಯ ಮಾತನ್ನು ಶಿಷ್ಟಕ್ಕೆ ತಿದ್ದಬೇಡಿ, ದಯವಿಟ್ಟು. "ಹೋಗ್ಯಾರ" ಇದ್ದದ್ದು "ಹೋಗಿದ್ದಾರೆ" ಆದರೆ ಹೇಳಿದವರೇ ಕಾಣೆಯಾಗುತ್ತಾರೆ. ನಿಮ್ಮ ವಿವರಣೆ ಶಿಷ್ಟದಲ್ಲಿರಲಿ, ಅವರ ಮಾತು ಅವರದ್ದೇ ಇರಲಿ. ಕಾಗುಣಿತ ಮಾತ್ರ ಮೊದಲೇ ನಿಗದಿ ಮಾಡಿ. ಒಂದು ಪುಟದಲ್ಲಿ "ಮನ್ಯಾಗ", ಇನ್ನೊಂದರಲ್ಲಿ "ಮನಿಯಾಗ" ಬಂದರೆ ಓದು ಎಡವುತ್ತೆ. ಒಂದು ಗಂಟೆ ಮಾತು ಬರೆದಿಳಿಸಲು ಐದಾರು ಗಂಟೆ ಹಿಡಿಯಿರಿ.

ಟೈಪ್ ಮಾಡುವುದು ಯೂನಿಕೋಡಿನಲ್ಲೇ. ಹಳೇ "ನುಡಿ" ತಂತ್ರಾಂಶದ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಮುದ್ರಕರು ಆಸ್ಕಿಗೆ (ಅಂಥ ಹಳೇ ಫಾಂಟಿನ ವಿಧಾನಕ್ಕೆ) ಬದಲಿಸಿಕೊಂಡರೆ ಬದಲಿಸಲಿ, ಮೂಲ ಯೂನಿಕೋಡ್ ಪ್ರತಿ ನಿಮ್ಮಲ್ಲಿರಲಿ. ಪಿಡಿಎಫ್ ಒಂದನ್ನೇ ಉಳಿಸಿಕೊಂಡರೆ ಅದರಿಂದ ಕನ್ನಡ ಪಠ್ಯವನ್ನು ಮತ್ತೆ ತೆಗೆಯುವಾಗ ಒತ್ತಕ್ಷರಗಳು ಚದುರುತ್ತವೆ.

ರಜಾಕಾರರ ಕಾಲದ ಮಾತು ಬಂದಾಗ ಒತ್ತಾಯ ಮಾಡಬೇಡಿ. ಯಾರು ಯಾರಿಗೆ ಏನು ಮಾಡಿದರು ಅನ್ನುವಲ್ಲಿ ಊರಿನವರ ಹೆಸರು ಬಂದರೆ, ಅವರ ಮಕ್ಕಳು ಮೊಮ್ಮಕ್ಕಳು ಇವತ್ತೂ ಅದೇ ಓಣಿಯಲ್ಲಿರಬಹುದು. ರೆಕಾರ್ಡಿಂಗಿನಲ್ಲಿ ಪೂರ್ತಿ ಇರಲಿ, ಅಚ್ಚಿನಲ್ಲಿ ಹೆಸರು ಬಿಡಿ.

ಮಾನ್ವಿಕಡೆಯವ:
ಉರ್ದು ಕಾಗದಗಳಿವೆ, ಜೊತೆಗೆ ಅಂಟಿನ ಪುಟದ ಹಳೇ ಆಲ್ಬಂ. ಅವನ್ನೇನು ಮಾಡಲಿ?

ಫಸಲಿ:
ಕಾಗದವನ್ನು ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ, ಮತ್ತೆ ಬಿಡಿಸಲಾಗದು. ಸ್ಕ್ಯಾನ್ ಮಾಡಿ, ಹಳೇ ಕೈಬರಹದ ಉರ್ದು ಓದಬಲ್ಲವರಿಗೆ ಆ ಪ್ರತಿ ತೋರಿಸಿ. ಫೋಟೋ ಕೀಳಬೇಡಿ, ಬಿಡದಿದ್ದರೆ ಹಲ್ಲಿನ ಸಂದಿ ಸ್ವಚ್ಛಮಾಡುವ ದಾರವನ್ನು (ಡೆಂಟಲ್ ಫ್ಲಾಸ್) ಅಡಿಯಲ್ಲಿ ಮೆಲ್ಲಗೆ ಎಳೆಯಿರಿ, ಆಗಲೂ ಬರದಿದ್ದರೆ ಪುಟಸಮೇತ ಸ್ಕ್ಯಾನ್ ಮಾಡಿ. ಸ್ಕ್ಯಾನ್ 600 ಡಿಪಿಐ, ಟಿಫ್ ಫೈಲಿನಲ್ಲಿರಲಿ. ಹಿಂಬದಿಯ ಬರಹವನ್ನೂ ಬಿಡಬೇಡಿ. ಹೆಸರು ಬರೆಯುವುದಾದರೆ ಮೆದು ಪೆನ್ಸಿಲ್. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತೆ. ಆಲ್ಬಂ ಮುಂದಿಟ್ಟುಕೊಂಡು ಅಜ್ಜಿಯನ್ನು ಇನ್ನೊಮ್ಮೆ ಮಾತಾಡಿಸಿ, ಪ್ರತಿ ಫೋಟೋದ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಾ ರೆಕಾರ್ಡ್ ಮಾಡಿ. ಇಲ್ಲದಿದ್ದರೆ "ಇವನೇ ನೋಡು" ಅಂದದ್ದು ಯಾರನ್ನು ಅಂತ ಆಮೇಲೆ ಗೊತ್ತಾಗುವುದಿಲ್ಲ.