ಪುಟದಲ್ಲಿ ಕನ್ನಡ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ: ಸೀರೆ ಅಂಗಡಿಯ ಜಾಲತಾಣ

ಗೋಮಿದಡಿ:
ಬಲ್ಲವರಿಗೆ ನಮಸ್ಕಾರ. ಇಳಕಲ್ಲಿನಲ್ಲಿರುವ ನಮ್ಮ ಸಣ್ಣ ಸೀರೆ ಅಂಗಡಿಯ ಜಾಲತಾಣಕ್ಕೆ ಎರಡು ತೊಂದರೆಗಳಿವೆ. ಅಂಗಡಿಯ ಹೆಸರನ್ನು ಇಂಗ್ಲಿಷಿನಲ್ಲಿ ಹುಡುಕಿದರೆ ತಾಣ ಸಿಗುತ್ತದೆ. ಆದರೆ ನಮ್ಮದೇ ಪುಟದಲ್ಲಿರುವ ಕನ್ನಡ ಸಾಲನ್ನು ಯಥಾವತ್ತಾಗಿ ಟೈಪ್ ಮಾಡಿ ಹುಡುಕಿದರೂ ಅದರ ಸುಳಿವಿಲ್ಲ. ಪುಟದ ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಬ್ರೌಸರ್ ಟ್ಯಾಬ್‌ನಲ್ಲಿ ವಿಚಿತ್ರ ಅಕ್ಷರಗಳು ಬರುತ್ತವೆಂದು ಅದನ್ನು ಇಂಗ್ಲಿಷಿನಲ್ಲೇ ಬಿಟ್ಟಿದ್ದಾರೆ. ಎರಡನೆಯದು ವೇಗ. ತಾಣದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನ ಮೊಬೈಲ್ ಪರೀಕ್ಷೆಯಲ್ಲಿ ಎಲ್‌ಸಿಪಿ (ಪುಟದ ಮುಖ್ಯ ಭಾಗ ಮೂಡಲು ಹಿಡಿಯುವ ಸಮಯ) 7.8 ಸೆಕೆಂಡ್, ಸರ್ವರ್‌ನ ಮೊದಲ ಪ್ರತಿಕ್ರಿಯೆ 0.4 ಸೆಕೆಂಡ್ ಎಂದು ತೋರಿಸುತ್ತಿದೆ. ದುಬಾರಿ ಹೋಸ್ಟಿಂಗ್‌ಗೆ ಹೋದರೆ ಎರಡೂ ಸರಿಹೋಗುತ್ತವೆ ಎಂದು ತಾಣ ಮಾಡಿಕೊಟ್ಟವರು ಹೇಳುತ್ತಾರೆ. ಹಣ ಹಾಕುವ ಮೊದಲು ವಿಚಾರಿಸೋಣವೆಂದು ಕೇಳುತ್ತಿದ್ದೇನೆ.

ಒತ್ತಕ್ಷರ:
ಸದ್ಯಕ್ಕೆ ಹಣ ಹಾಕಬೇಡಿ. 0.4 ಸೆಕೆಂಡಿಗೆ ಉತ್ತರ ಕೊಡುತ್ತಿರುವ ಸರ್ವರ್ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ. ಟ್ಯಾಬ್‌ನ ವಿಚಿತ್ರ ಅಕ್ಷರಗಳ ವಿಷಯ ಹೇಳಿದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ಅನುಮಾನ ಅಲ್ಲೇ ಇದೆ. ಪುಟದ ಒಂದು ಕನ್ನಡ ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ, ಏನು ಬರುತ್ತದೆಂದು ತಿಳಿಸಿ.

ಗೋಮಿದಡಿ:
ಕನ್ನಡವೇ ಬರಲಿಲ್ಲ. "ಕನ್ನಡ" ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಹೀಗೆ ಏನೇನೋ ಇದೆ. ಪಠ್ಯವನ್ನು ನಮ್ಮೂರಿನ ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೆವು.

ಒತ್ತಕ್ಷರ:
ಹಾಗಾದರೆ ರೋಗ ಪತ್ತೆಯಾಯಿತು. ಆ ಪಠ್ಯ ನುಡಿಯ ಹಳೆಯ ಆಸ್ಕಿ ವಿಧಾನದಲ್ಲಿದೆ. ಅದರಲ್ಲಿ ದಾಖಲಾಗುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳೇ. ನುಡಿಯ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬಿಡಿಸುತ್ತದೆ. ನಿಮ್ಮ ತಾಣದೊಂದಿಗೆ ಆ ಫಾಂಟ್ ಕೂಡ ಬರುವುದರಿಂದ ಗ್ರಾಹಕರಿಗೆ ಕನ್ನಡ ಕಾಣುತ್ತದೆ, ಆದರೆ ಬ್ರೌಸರ್ ಟ್ಯಾಬ್ ಆ ಫಾಂಟನ್ನು ಬಳಸುವುದಿಲ್ಲ, ಗೂಗಲ್ ಓದುವುದು ಫಾಂಟಿನ ಆಕಾರವನ್ನಲ್ಲ, ಒಳಗಿರುವ ಸಂಕೇತವನ್ನು. ಜನ ಮೊಬೈಲಿನಲ್ಲಿ ಟೈಪ್ ಮಾಡಿ ಹುಡುಕುವುದು ಯೂನಿಕೋಡ್ (ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಸಂಕೇತಗಳಿರುವ ವಿಧಾನ) ಕನ್ನಡದಲ್ಲಾದ್ದರಿಂದ ಇವೆರಡೂ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ.

ಎಲ್ಲ ಪಠ್ಯವನ್ನೂ ಯೂನಿಕೋಡ್‌ಗೆ ಪರಿವರ್ತಿಸಬೇಕು. ನುಡಿಯಲ್ಲೇ ಅದಕ್ಕೆ ಪರಿವರ್ತಕವಿದೆ. ಪರಿವರ್ತಿಸಿದ್ದನ್ನು ಕಣ್ಣುಮುಚ್ಚಿ ಹಾಕಬೇಡಿ. ಆಸ್ಕಿಯಲ್ಲಿ ಅರ್ಕಾವೊತ್ತು ತನ್ನ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಆದ್ದರಿಂದ "ವರ್ಷ", "ಖರ್ಚು" ಬಗೆಯ ಪದಗಳನ್ನು ಒಮ್ಮೆ ನೋಡಿ. ಪಠ್ಯದ ನಡುವಿನ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಕೆಡಿಸುವ ಸಾಧ್ಯತೆ ಇರುವುದರಿಂದ, ಇಮೇಲ್ ವಿಳಾಸದಂಥವನ್ನು ಬೇರೆಯಾಗಿ ಟೈಪ್ ಮಾಡಿ. ಬಳಿಕ ಪ್ರತಿ ಪುಟಕ್ಕೂ ಕನ್ನಡದಲ್ಲೇ ಶೀರ್ಷಿಕೆ ಕೊಟ್ಟು, ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ (ಪುಟದ ಮೂಲ ಕೋಡ್‌ನಲ್ಲಿ) ಸೂಚಿಸಿ. ಪುಟಗಳ ವಿಳಾಸ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ತಾನಾಗಿ ಕಳುಹಿಸುವ ಶಾಶ್ವತ 301 ರೀಡೈರೆಕ್ಟ್ ಇರಲಿ.

ಇನ್ನು ವೇಗ. ಮುಖಪುಟದ ಮೇಲ್ಭಾಗದಲ್ಲಿ ಏನಿದೆ?

ಗೋಮಿದಡಿ:
ಐದು ಫೋಟೋಗಳು ತಾವಾಗಿಯೇ ಸರಿಯುವ ಬ್ಯಾನರ್ ಇದೆ. ಕ್ಯಾಮೆರಾದಿಂದ ನೇರವಾಗಿ ಹಾಕಿದ ಜೆಪೆಗ್‌ಗಳು, ಒಂದೊಂದೂ 4 ಎಂಬಿ ಸುಮಾರು. ಸೀರೆಯ ಹೆಸರು, ಬೆಲೆ ಎಲ್ಲವನ್ನೂ ಫೋಟೋದ ಮೇಲೆಯೇ ಬರೆಸಿದ್ದೇವೆ. ಎಲ್ಲದಕ್ಕೂ ಲೇಜಿ ಲೋಡಿಂಗ್ (ಚಿತ್ರವನ್ನು ಬೇಕಾದಾಗ ಮಾತ್ರ ತರಿಸುವ) ಪ್ಲಗಿನ್ ಹಾಕಿದ್ದರೂ ವೇಗ ಹೆಚ್ಚಲಿಲ್ಲ.

ಒತ್ತಕ್ಷರ:
ಲೇಜಿ ಲೋಡಿಂಗ್ ಒಳ್ಳೆಯದೇ, ಆದರೆ ತೆರೆಯ ಮೇಲೆ ಮೊದಲು ಕಾಣಬೇಕಾದ ಚಿತ್ರಕ್ಕಲ್ಲ. ಎಲ್‌ಸಿಪಿ ಅಳೆಯುವುದು ಮೊದಲ ತೆರೆಯ ಅತಿದೊಡ್ಡ ಚಿತ್ರ ಅಥವಾ ಪಠ್ಯಭಾಗ ಮೂಡುವ ಸಮಯವನ್ನು. ಅದೇ ಚಿತ್ರಕ್ಕೆ ನೀವು "ತಡೆದು ಬಾ" ಎಂದಿದ್ದೀರಿ. ಸರಿಯುವ ಬ್ಯಾನರನ್ನು ತೆಗೆದು ಒಂದೇ ಚಿತ್ರ ಇಡಿ (ಐದನೆಯ ಫೋಟೋ ಬರುವವರೆಗೆ ಕಾಯುವ ಗ್ರಾಹಕರನ್ನು ನಾನಂತೂ ಕಂಡಿಲ್ಲ). ಮೊಬೈಲಿಗೆ ತಕ್ಕ ಅಗಲಕ್ಕೆ ಕಿರಿದುಗೊಳಿಸಿ, ಗಾತ್ರ ಕಡಿಮೆಯಾಗುವ ವೆಬ್‌ಪಿ ರೂಪದಲ್ಲಿ ಉಳಿಸಿ, ಅದರ ಲೇಜಿ ಲೋಡಿಂಗ್ ತೆಗೆದು, ಬ್ರೌಸರ್ ಅದನ್ನೇ ಮೊದಲು ತರುವಂತೆ ಫೆಚ್‌ಪ್ರಯಾರಿಟಿಯನ್ನು ಹೈ ಮಾಡಿ. ಎಲ್ಲ ಚಿತ್ರಗಳಿಗೂ ಅಗಲ ಮತ್ತು ಎತ್ತರ ಬರೆದರೆ ಪುಟ ತೆರೆಯುವಾಗ ಕುಣಿಯುವುದಿಲ್ಲ. ಹೆಸರು, ಬೆಲೆಗಳು ಚಿತ್ರದ ಕೆಳಗೆ ಪಠ್ಯವಾಗಿಯೇ ಇರಲಿ.

ಯೂನಿಕೋಡ್ ಆದ ಮೇಲೆ ಹಳೆಯ ಫಾಂಟ್ ಬೇಡ. ನೋಟೊ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟ್ ಹಾಕುವುದಾದರೆ ವಾಫ್2 ಎಂಬ ಕುಗ್ಗಿಸಿದ ರೂಪದಲ್ಲಿ ಒಂದೆರಡು ದಪ್ಪಗಳು ಸಾಕು. ಫಾಂಟ್-ಡಿಸ್‌ಪ್ಲೇಯನ್ನು ಸ್ವಾಪ್ ಎಂದು ಕೊಟ್ಟರೆ ಫಾಂಟ್ ಬರುವ ಮೊದಲೇ ಬೇರೆ ಫಾಂಟಿನಲ್ಲಿ ಓದಬಹುದು. ಸಿಎಸ್‌ಎಸ್‌ನಲ್ಲಿ (ಪುಟದ ವಿನ್ಯಾಸದ ಕೋಡ್‌ನಲ್ಲಿ) ಫಾಂಟಿನ ಯೂನಿಕೋಡ್ ವ್ಯಾಪ್ತಿ ಬರೆಯುವಾಗ ಕನ್ನಡ ವಲಯದ ಜೊತೆಗೆ 200ಸಿ ಮತ್ತು 200ಡಿ ಎಂಬ ಕಾಣದ ಅಕ್ಷರಗಳನ್ನೂ ಸೇರಿಸಿ. "ಶಾಪ್‌ನಲ್ಲಿ" ಎಂಬಂಥ ಪದಗಳು ಸರಿಯಾಗಿ ಮೂಡಲು ಅವು ಬೇಕು.

ಗೋಮಿದಡಿ:
ಬ್ಯಾನರ್ ಮತ್ತು ಮುಖಪುಟದ ಪಠ್ಯ ಬದಲಿಸಿದೆವು. ಎಲ್‌ಸಿಪಿ 2.3ಕ್ಕೆ ಇಳಿದಿದೆ, ಧನ್ಯವಾದಗಳು. ಆದರೆ ತಾಣದ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ವೇಗ ಮುಂತಾದವನ್ನು ತೋರಿಸುವ ಕೋರ್ ವೆಬ್ ವೈಟಲ್ಸ್ ವರದಿ ಖಾಲಿ ಇದೆ, ಕನ್ನಡ ಹುಡುಕಾಟದಲ್ಲಿ ಇನ್ನೂ ಬಂದಿಲ್ಲ.

ಒತ್ತಕ್ಷರ:
2.5 ಸೆಕೆಂಡಿನೊಳಗೆ ಬಂದರೆ ಉತ್ತಮವೆಂದೇ ಲೆಕ್ಕ. ಆ ವರದಿ ಕ್ರೋಮ್ ಬಳಸುವ ನಿಜವಾದ ಭೇಟಿಗಾರರ ಹಿಂದಿನ 28 ದಿನಗಳ ಅಂಕಿಗಳಿಂದ ಸಿದ್ಧವಾಗುತ್ತದೆ. ಭೇಟಿಗಳು ಕಡಿಮೆಯಿರುವ ತಾಣಗಳಿಗೆ ಖಾಲಿ ಇರುವುದು ಸಹಜ, ಅದು ದೋಷವಲ್ಲ. ಕನ್ನಡ ಪಠ್ಯಕ್ಕಾಗಿ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಮುಖಪುಟದ ವಿಳಾಸ ಕೊಟ್ಟು ಲೈವ್ ಪರೀಕ್ಷೆ ನಡೆಸಿ, ಅಲ್ಲಿ ಸಿಗುವ ಎಚ್‌ಟಿಎಂಎಲ್‌ನಲ್ಲಿ ಕನ್ನಡ ಅಕ್ಷರಗಳೇ ಇವೆಯೇ ನೋಡಿ. ಇದ್ದರೆ ಇಂಡೆಕ್ಸಿಂಗ್‌ಗೆ (ಗೂಗಲ್‌ನ ಹುಡುಕಾಟದ ಪಟ್ಟಿಗೆ ಸೇರಿಸಲು) ಕೋರಿಕೆ ಸಲ್ಲಿಸಿ. ಅದು ದಿನಗಳಲ್ಲೂ ಆಗಬಹುದು, ವಾರಗಳೂ ಹಿಡಿಯಬಹುದು. ಅಷ್ಟರಲ್ಲಿ ಉಳಿದ ಸೀರೆ ಪುಟಗಳ ಪರಿವರ್ತನೆ ಮುಗಿಸಿ.