ಕಾರಿನಡಿಯ ಕನ್ನಡಿ

“ತಾಮ್ರದ್ದೇ ಆಗಬೇಕು. ಕಣ್ಣಿಗೆ ಹೊಳೆಯಬೇಕು,” ಎಂದರು ಭಟ್ರು.

“ಯಾರ ಕಣ್ಣಿಗೆ?” ಎಂದು ಮಾಷ್ಟ್ರು ಕೇಳಿದರು.

ಕುಂಬಳೆಯ ಭಟ್ರ ಅಂಗಳದಲ್ಲಿ ಮಾರ್ಕ್ ಟೂ ಅಂಬಾಸಡರು ನಾಲ್ಕು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಚಕ್ರ ಬಿಚ್ಚಿ ಆಗಿತ್ತು, ಹಳೆಯ ಬ್ರೇಕ್ ಪೈಪು ನೆಲದ ಮೇಲೆ ಬಿದ್ದಿತ್ತು. ಮೆಕ್ಯಾನಿಕ್ ಅಂದುಂಞಿ ಕ್ಲಿಪ್ಪು ಕೂತಿದ್ದ ಜಾಗವನ್ನು ಉಗುರಿನಿಂದ ಕೆರೆದ. ತುಕ್ಕು ಚಕ್ಕೆ ಚಕ್ಕೆಯಾಗಿ ಎದ್ದು ಬಂತು.

“ಈಗ ಹಳೆ ಕಾರುಗಳ ಶೋಗಳಲ್ಲಿ ಕಾರಿನಡಿ ಕನ್ನಡಿ ಇಡ್ತಾರೆ ಮಾಷ್ಟ್ರೇ. ನಿಂತಲ್ಲಿಂದಲೇ ಎಲ್ಲ ಕಾಣ್ತದೆ.”

“ಕಾರಿನಡಿ ನೋಡುವವರು ಲೋಕದಲ್ಲಿ ಇಬ್ಬರೇ ಭಟ್ರೇ. ಒಂದು ಮೆಕ್ಯಾನಿಕ್ಕು, ಇನ್ನೊಂದು ನಾಯಿ. ಮೂರನೆಯವ ಬ್ರೇಕ್ ಹಿಡಿಯದಾಗ ಅಡಿಗೆ ಬಂದವ. ಅವನಿಗೆ ಹೊಳಪು ನೋಡುವಷ್ಟು ಪುರುಸೊತ್ತು ಇರುವುದಿಲ್ಲ.”

ರೈಗಳು ನಕ್ಕು ವೀಳ್ಯದೆಲೆಗೆ ಸುಣ್ಣ ಹಚ್ಚಿದರು. “ತಾಮ್ರ ಎಲ್ಲಿಂದ ತರ್ತೀರಿ?”

“ಎಸಿ ರಿಪೇರಿಯವರ ಹತ್ತಿರ ಸುರುಳಿಗಟ್ಟಲೆ ಉಂಟು.”

“ಹಾಗಾದ್ರೆ ಬ್ರೇಕ್ ಒತ್ತಿದಾಗ ಕಾರು ತಣ್ಣಗಾಗಬಹುದು, ನಿಲ್ಲುವುದಿಲ್ಲ,” ಎಂದರು ಮಾಷ್ಟ್ರು. “ಟಯರಿನ ಗಾಳಿ ಮೂವತ್ತು ಪಿಎಸ್‌ಐ ಆಸುಪಾಸು. ಬ್ರೇಕನ್ನು ಜೋರಾಗಿ ತುಳಿದರೆ ಪೈಪಿನೊಳಗೆ ಸಾವಿರ ದಾಟ್ತದೆ. ಬರೀ ತಾಮ್ರ ಮೆತ್ತಗೆ ಬಾಗ್ತದೆ, ಸರಿ. ಗಾಡಿ ಓಡ್ತಾ ಓಡ್ತಾ ಅದುರಿ ಅದುರಿ ಗಟ್ಟಿಯಾಗ್ತದೆ, ಆಮೇಲೆ ನಟ್ಟಿನ ಬುಡದಲ್ಲಿ ಬಿರುಕು. ಹಾಗೆ ಬಿರುಕು ಬಿಡುವಾಗ ಸದ್ದೂ ಇಲ್ಲ. ನಿಮ್ಮದು ಒಂದೇ ಸರ್ಕೀಟಿನ ಬ್ರೇಕು. ಎಲ್ಲಿ ಸೋರಿದರೂ ನಾಲ್ಕು ಚಕ್ರಕ್ಕೂ ಒಟ್ಟಿಗೇ ರಜೆ.”

“ಮಾವ, ಸ್ಟೇನ್‌ಲೆಸ್ ಹಾಕುವ,” ಎಂದ ಶ್ಯಾಮ, ಫೋನಿನಿಂದ ತಲೆ ಎತ್ತದೆ. “ತುಕ್ಕೇ ಇಲ್ಲ, ಕನ್ನಡಿಯಲ್ಲೂ ಹೊಳೀತದೆ.”

“ಸ್ಟೇನ್‌ಲೆಸ್ಸು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಗಟ್ಟಿ. ತುದಿ ಅಗಲಿಸಿ ಮಡಚಿ ಡಬಲ್ ಫ್ಲೇರ್ ಮಾಡಹೋದರೆ ಸೀಳ್ತದೆ, ಇಲ್ಲಾಂದ್ರೆ ಸರಿಯಾಗಿ ಕೂರುವುದಿಲ್ಲ. ಕೂರಲಿ ಅಂತ ನಟ್ಟು ಬಿಗಿದೂ ಬಿಗಿದೂ ಹಿತ್ತಾಳೆ ಜಂಕ್ಷನ್ನಿನ ಸೀಟು ಹಾಳು. ಇನ್ನು ಸಮುದ್ರದ ಉಪ್ಪುಗಾಳಿ. ಬೇಕಲದಲ್ಲಿ ಎರಡು ಮಳೆಗಾಲ ಕಳೆದ ಸ್ಟೇನ್‌ಲೆಸ್ ಗೇಟು ನೋಡು, ಅಲ್ಲಲ್ಲಿ ಕಂದು ಚುಕ್ಕೆ.”

“ಹಾಗಾದ್ರೆ ಕಂಪೆನಿಯವರು ಹಾಕಿದ ಕಬ್ಬಿಣದ್ದೇ?” ರೈಗಳು ಕೇಳಿದರು.

“ಕಬ್ಬಿಣ ಅಂದ್ರೆ ಬರೀ ಕಬ್ಬಿಣವಲ್ಲ. ಉಕ್ಕಿನ ತೆಳು ಪಟ್ಟಿಯನ್ನು ಎರಡು ಸುತ್ತು ಸುತ್ತಿ ತಾಮ್ರದಿಂದ ಬೆಸೆದದ್ದು. ಗಟ್ಟಿಗ. ಆದರೆ ಕ್ಲಿಪ್ಪಿನಡಿ ಕೆಸರು ನಿಂತರೆ ಇದೋ ಹೀಗೆ. ಒಳಗಿನಿಂದಲೂ ಉಂಟು, ಬ್ರೇಕ್ ಆಯಿಲ್ ಗಾಳಿಯ ತೇವ ಕುಡೀತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಬದಲಿಸಿದವರನ್ನು ನಾನಂತೂ ಕಂಡದ್ದು ಕಮ್ಮಿ.”

“ಮತ್ತೆಂತದು ಹಾಕುವುದು ಮಾರಾಯ್ರೆ?” ಭಟ್ರಿಗೆ ಮಂಡೆಬೆಚ್ಚ ಶುರುವಾಯಿತು.

“ಕ್ಯುಪ್ರೋನಿಕಲ್. ತೊಂಬತ್ತು ಪಾಲು ತಾಮ್ರ, ಹತ್ತು ಪಾಲು ನಿಕಲ್, ಜೊತೆಗೆ ಚೂರು ಕಬ್ಬಿಣ. ಕೈಯಲ್ಲೇ ಬಾಗ್ತದೆ, ಫ್ಲೇರ್ ಚೆಂದ ಕೂರ್ತದೆ, ಉಪ್ಪಿಗೆ ಜಗ್ಗುವುದಿಲ್ಲ. 4.75 ಮಿಲಿಮೀಟರ್, ಅಂದರೆ 3/16 ಇಂಚು. 25 ಅಡಿಯ ಸುರುಳಿ ಸಿಗ್ತದೆ.”

“ಹೊಳೀತದಾ?”

“ಮಂಕು.”

ಭಟ್ರ ಮುಖವೂ ಮಂಕಾಯಿತು. “ತಾಮ್ರ ಹೊಳೆಯುವುದೂ ಎಷ್ಟು ದಿವಸ?” ಎಂದರು ರೈಗಳು. “ಹುಣಸೆಹುಳಿ ಹಾಕಿ ತಿಕ್ಕಲು ದಿನಾ ಅಡಿಗೆ ನುಗ್ಗುವುದು ಯಾರು, ಅಕ್ಕನಾ?” ಒಳಗಿನಿಂದ ಭಟ್ರ ಹೆಂಡತಿ “ನನ್ನ ಹೆಸರು ಎತ್ತಬೇಡಿ” ಎಂದದ್ದು ಎಲ್ಲರಿಗೂ ಕೇಳಿತು.

ರೈಗಳ ಮಾತು ಬೇರೆ ದಾರಿ ಹಿಡಿಯಿತು. “ಒಂದು ಕಾಲದಲ್ಲಿ ಇಡೀ ದಿಬ್ಬಣ ಇದರಲ್ಲೇ ಹೋಗ್ತಿತ್ತು. ಮದುಮಗ, ಸೋದರಮಾವ, ಪುರೋಹಿತರು, ಡ್ರೈವರನ ಬಲಗಡೆಯೂ ಒಬ್ಬ. ಬಾಗಿಲು ಹಾಕಲು ಹೊರಗಿನಿಂದ ಇಬ್ಬರು. ಅಡಿ ಹೇಗಿತ್ತು ಅಂತ ಯಾರೂ ಬಗ್ಗಿ ನೋಡಿದ್ದಿಲ್ಲ. 2014ರಲ್ಲಿ ಮಾಡುವುದೇ ನಿಲ್ಲಿಸಿದರು. ಈಗ ಶೋಗೆ ಹೋಗುವುದೂ ಲಾರಿ ಮೇಲೆ.”

“ಲಾರಿ ಮೇಲೆ ಹೋಗುವ ಕಾರಿಗೆ ಬ್ರೇಕ್ ಯಾಕೆ? ಲಾರಿಗೆ ಇದ್ದರೆ ಸಾಕು,” ಎಂದರು ಮಾಷ್ಟ್ರು. ಹಾಗೆಂದವರೇ ಬಾನೆಟ್ಟಿನ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಯಾರೂ ನಗಲಿಲ್ಲ.

“ನಾನು ಓಡಿಸ್ತೇನೆ. ಮಧೂರಿಗೆ, ಮಂಜೇಶ್ವರಕ್ಕೆ,” ಎಂದರು ಭಟ್ರು, ಮೆಲ್ಲಗೆ.

“ಹಾಗಾದ್ರೆ ಕೇಳಿ. ಹಳೆ ಪೈಪು ಬಿಸಾಡಬೇಡಿ, ಅದೇ ಅಳತೆ. ಎಲ್ಲಿ ತುಂಡಾಗಿದೆಯೋ ಅಲ್ಲಿ ಕಟ್ಟುಕಂಬಿ ಬಗ್ಗಿಸಿ ನೋಡಿ. ಮುಂದಿನಿಂದ ಹಿಂದಕ್ಕೆ ಒಂದೇ ತುಂಡು, ನಡುವೆ ಜೋಡಣೆ ಬೇಡ, ಕಂಪ್ರೆಶನ್ ಫಿಟ್ಟಿಂಗ್ ಅಂತೂ ಬೇಡವೇ ಬೇಡ. ಸೈಲೆನ್ಸರಿನಿಂದ ದೂರ. ಒಂದೂವರೆ ಗೇಣಿಗೆ ಒಂದು ರಬ್ಬರ್ ಕ್ಲಿಪ್ಪು. ಹ್ಯಾಕ್ಸಾದಲ್ಲಿ ಕೊಯ್ಯುವುದಲ್ಲ, ಟ್ಯೂಬ್ ಕಟ್ಟರು. ಒಳಗಿನ ಅಂಚು ಕೆರೆದು, ಪೈಪಿಗೆ ಗಾಳಿ ಹೊಡೆದು ಪುಡಿ ತೆಗೆಯಬೇಕು. ಫ್ಲೇರಿಗೆ ಎಣ್ಣೆ ಬೇಕಾದರೆ ಒಂದು ಹನಿ ಬ್ರೇಕ್ ಆಯಿಲೇ ಹಾಕು ಅಂದುಂಞಿ. ಎಂಜಿನ್ ಆಯಿಲ್ ಸೋಕಿದರೆ ವೀಲ್ ಸಿಲಿಂಡರಿನ ರಬ್ಬರ್ ಉಬ್ತದೆ.”

“ನಟ್ಟು?” ಎಂದ ಅಂದುಂಞಿ.

“ಇಂಗ್ಲಿಷ್ ಕುಲದ ಗಾಡಿ. ಸಾಮಾನ್ಯವಾಗಿ 3/8 ಇಂಚಿನ ಯುಎನ್‌ಎಫ್ ತಿರುಪು. ಹತ್ತು ಮಿಲಿಮೀಟರಿನ ಮೆಟ್ರಿಕ್ ನಟ್ಟು ನೋಡಲು ಅದರ ಅವಳಿ. 3/8ರ ನಟ್ಟನ್ನು ಮೆಟ್ರಿಕ್ ತೂತಿಗೆ ಹಾಕಿದರೆ ಸಡಿಲವಾಗಿ ಹಿಡೀತದೆ, ಒತ್ತಡ ಬಂದಾಗ ಕಿತ್ತು ಬರ್ತದೆ. ಹಳೆಯದನ್ನು ಪಕ್ಕ ಇಟ್ಟು ನೋಡಿಯೇ ತರಬೇಕು. ಆಮೇಲೆ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಏರ್ ತೆಗೆಯುವುದು. ಕೊನೆಗೆ ಒಬ್ಬ ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬ ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಒತ್ತಲಿ. ಎಲ್ಲಾದರೂ ಒದ್ದೆಯಾದರೆ ಆ ಜಾಗ ಮತ್ತೆ ಮಾಡಬೇಕು.”

ಸುರುಳಿ ಬಂದ ದಿನ ಶ್ಯಾಮನಿಗೆ ಉಮೇದು. ತುದಿ ಕೊಯ್ದ, ಕೆರೆದ, ಡೈಗೆ ಸಿಕ್ಕಿಸಿದ, ಒಂದು ಸಲ ಒತ್ತಿದ, ಎರಡನೆಯ ಸಲವೂ ಒತ್ತಿದ. ಮಾಷ್ಟ್ರು ಭೂತಗನ್ನಡಿ ಹಿಡಿದು ಸುತ್ತಲೂ ನೋಡಿದರು. ಒಂದು ಗೆರೆ ಇಲ್ಲ, ಒಂದು ಸೊಟ್ಟ ಇಲ್ಲ. ಆ ಕಡೆಯ ತುದಿಯೂ ಹಾಗೇ ಆಯಿತು. “ಭೇಷ್,” ಎಂದರು ಭಟ್ರು. “ಎರಡು ತುದಿಯೂ ಚೆಂದ.”

ಅಂದುಂಞಿ ಬೆಂಚಿನ ಮೇಲಿದ್ದ ಎರಡು ನಟ್ಟುಗಳನ್ನು ಎತ್ತಿ ತೋರಿಸಿದ. “ಇವು ಇನ್ನು ಎಲ್ಲಿಂದ ಒಳಗೆ ಹೋಗ್ತವೆ?”

ಶ್ಯಾಮ ಪೈಪಿನ ಎರಡೂ ತುದಿ ನೋಡಿದ.

“ಒಂದನ್ನು ಕೊಯ್ಯಿ, ಎರಡು ನಟ್ಟನ್ನೂ ಅಲ್ಲಿಂದಲೇ ಹಾಕು. ಇಂಥದ್ದಕ್ಕೇ ನಾನು ಪೈಪು ಒಂದು ಗೇಣು ಉದ್ದ ಬಿಡಿಸಿದ್ದು,” ಎಂದ ಅಂದುಂಞಿ, ಕಟ್ಟರು ಮುಂದೆ ಚಾಚಿ.